ಮೊರೊಕ್ಕೊ ಪುದೀನ ಟೀ: ಎರಡನೇ ನೀರನ್ನು ಚೆಲ್ಲಿ

"ಸಾರ್, ನೀವು ಹೇಳಿದ ಪುದೀನ ಟೀ ಮಾಡಿದೆ, ಕಷಾಯ ಆಯ್ತು." ಟೀ ರುಚಿ ನೋಡುವುದೇ ನನ್ನ ಕೆಲಸ. ಹಾಗಾಗಿ ಇಂಥ ದೂರು ನನಗೆ ಆಗಾಗ ಬರುತ್ತದೆ. ಹೇಗೆ ಮಾಡಿದಿರಿ ಅಂತ ಕೇಳಿದರೆ ಉತ್ತರ ಹೆಚ್ಚುಕಮ್ಮಿ ಒಂದೇ. ನೀರು, ಟೀ ಎಲೆ, ಪುದೀನ ಎಲ್ಲ ಒಟ್ಟಿಗೆ ಹಾಕಿ ಐದು ನಿಮಿಷ ಕುದಿಸಿದೆ! ನಮ್ಮ ಟೀಗೆ ಅದು ನಡೆಯುತ್ತದೆ, ಒಗರನ್ನು ಹಾಲು ನುಂಗಿಕೊಳ್ಳುತ್ತದೆ. ಇಲ್ಲಿ ಹಾಲೇ ಇಲ್ವಲ್ಲ.

ಮೊರೊಕ್ಕೊದವರು ಇದನ್ನು ಅತಾಯ್ ಅನ್ನುತ್ತಾರೆ. ಪುದೀನ ಅವರದು, ಟೀ ಮಾತ್ರ ಚೀನಾದ್ದು. 1850ರ ದಶಕದ ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ವ್ಯಾಪಾರಿಗಳ ಮಾಮೂಲಿ ಮಾರುಕಟ್ಟೆ ಕೆಟ್ಟಿತು. ಅವರು ಟೀ ಪೆಟ್ಟಿಗೆಗಳನ್ನು ಟ್ಯಾಂಜಿಯರ್, ಮೊಗಡೋರ್ ಬಂದರುಗಳಿಗೆ ತಂದು ಮಾರಿದರು. ಅರಮನೆಗೆ ಟೀ ಅದಕ್ಕೂ ಮುಂಚೆ ಗೊತ್ತಿತ್ತು. ಸಾಮಾನ್ಯರ ಮನೆಗಳಿಗೆ ಹರಡಿದ್ದು ಆಮೇಲೆ.

ಬೇಕಾದದ್ದು ಗನ್‌ಪೌಡರ್ ಅನ್ನುವ ಹಸಿರು ಟೀ. ಎಲೆಯನ್ನು ಸುರುಳಿ ಸುತ್ತಿ ಕಾಳು ಮಾಡಿರುತ್ತಾರೆ, ದೊಡ್ಡ ಕಾಳು ಕರಿಮೆಣಸಿನಷ್ಟಿರುತ್ತದೆ. ಟೀ ಬ್ಯಾಗ್ ಬೇಡ. ಅದರೊಳಗಿನ ಪುಡಿ ಮೊದಲ ನೀರಿಗೇ ಎಲ್ಲವನ್ನೂ ಬಿಟ್ಟುಬಿಡುತ್ತದೆ, ತೊಳೆಯೋಕೆ ಏನೂ ಉಳಿಯುವುದಿಲ್ಲ.

ಹೌದು, ತೊಳೆಯಬೇಕು. ಇಡೀ ಗುಟ್ಟು ಇರುವುದು ಅಲ್ಲೇ. ಅರ್ಧ ಲೀಟರ್ ಹಿಡಿಯುವ ಸ್ಟೀಲ್ ಟೀಪಾಟ್‌ಗೆ ಎರಡು ಚಮಚ ಕಾಳು ಹಾಕಿ. ಟೀ ಚಮಚದ ಲೆಕ್ಕ. ಒಂದು ಸಣ್ಣ ಲೋಟ ಕುದಿಯುವ ನೀರು ಹುಯ್ದು, ಅಲ್ಲಾಡಿಸದೆ ಒಂದು ನಿಮಿಷ ಬಿಡಿ. ಆ ನೀರನ್ನು ಲೋಟಕ್ಕೆ ಬಗ್ಗಿಸಿ ಜೋಪಾನವಾಗಿ ಎತ್ತಿಡಿ. ತಿಳಿಯಾಗಿ ಹೊನ್ನಿನ ಬಣ್ಣಕ್ಕಿರುತ್ತದೆ, ಒಳ್ಳೆಯ ಪರಿಮಳವೆಲ್ಲ ಅದರಲ್ಲಿದೆ. ಇನ್ನೊಂದು ಲೋಟ ಬಿಸಿನೀರು ಹುಯ್ದು ಈ ಸಲ ಪಾಟನ್ನು ಚೆನ್ನಾಗಿ ಕುಲುಕಿ. ಇದು ಮಬ್ಬಾಗಿ ಬರುತ್ತದೆ. ಒಂದು ಗುಟುಕು ಕುಡಿದು ನೋಡಿ, ನಾಲಿಗೆ ಒಣಗಿದ ಹಾಗಾಗುತ್ತದೆ. ಚೆಲ್ಲಿಬಿಡಿ. "ಅಯ್ಯೋ, ಟೀ ದಂಡ" ಅನ್ನುವವರೇ ಆಮೇಲೆ ಕಷಾಯದ ದೂರು ತರುವವರು.

ಎತ್ತಿಟ್ಟ ನೀರನ್ನು ಈಗ ಪಾಟ್‌ಗೆ ವಾಪಸ್ ಹಾಕಿ, ಮೇಲೆ ಬಿಸಿನೀರು ತುಂಬಿ, ಸಣ್ಣ ಉರಿಯಲ್ಲಿಡಿ. ಒಂದು ಕುದಿ ಬಂದು ಕಾಳು ಬಿಚ್ಚಿಕೊಂಡರೆ ಸಾಕು. ಒಲೆ ಆರಿಸಿ ಸಕ್ಕರೆ, ಪುದೀನ ಹಾಕಿ.

ಪುದೀನ ಒಂದು ದೊಡ್ಡ ಹಿಡಿ, ದಂಟಿನ ಸಮೇತ. ಜಜ್ಜಬೇಡಿ, ಕತ್ತರಿಸಲೂಬೇಡಿ. ನಮ್ಮ ಸಂತೆಯ ಪುದೀನ ಕಟ್ಟು ಆಗುತ್ತದೆ, ಮೊರೊಕ್ಕೊದಲ್ಲಿ 'ನಾನಾ' ಅಂತ ಕರೆಯುವ ಪುದೀನಕ್ಕೆ ಹತ್ತಿರದ್ದೇ. ಪೆಪ್ಪರ್‌ಮಿಂಟ್ ಬೇಡ, ಅದರ ಮೆಂಥಾಲ್ ತಂಪು ಟೀಯನ್ನು ಮುಚ್ಚಿಹಾಕುತ್ತದೆ. ಎಲೆಗಳು ಪೂರ್ತಿ ಮುಳುಗಿರಲಿ. ಐದು ನಿಮಿಷವಾದ ಮೇಲೆ ತೆಗೆದುಬಿಡಿ, ಇಲ್ಲದಿದ್ದರೆ ಬೇಯಿಸಿದ ಸೊಪ್ಪಿನ ವಾಸನೆ ಬರುತ್ತದೆ.

ಸಕ್ಕರೆ ವಿಷಯಕ್ಕೆ ಜಗಳ ಆಗುತ್ತದೆ. ಅಲ್ಲಿ ಶಂಕುವಿನಾಕಾರದ ಸಕ್ಕರೆ ಅಚ್ಚನ್ನು ಒಡೆದು ಧಾರಾಳವಾಗಿ ಹಾಕುತ್ತಾರೆ. ಅರ್ಧ ಲೀಟರಿಗೆ ನಾನು ಎರಡೂವರೆ ದೊಡ್ಡ ಚಮಚಕ್ಕೆ ನಿಲ್ಲಿಸುತ್ತೇನೆ. ಅದಕ್ಕಿಂತ ಕಮ್ಮಿ ಮಾಡಿದರೆ ಉಳಿದ ಒಗರು ಎದ್ದು ಕಾಣುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಸುಮ್ನೆ ಬೇರೆ ಟೀ ಕುಡಿಯುವುದು ವಾಸಿ.

ಚಮಚದಲ್ಲಿ ಕಲಕುವ ಪದ್ಧತಿ ಇಲ್ಲ. ಒಂದು ಲೋಟ ಬಗ್ಗಿಸಿ, ಪಾಟ್‌ಗೆ ವಾಪಸ್ ಹುಯ್ಯಿರಿ. ಮೂರು ನಾಲ್ಕು ಸಲ ಹೀಗೆ. ಕೊನೆಗೆ ಒಂದು ಮೊಳ ಎತ್ತರದಿಂದ ಸುರಿಯಿರಿ. ಫಿಲ್ಟರ್ ಕಾಫಿಯನ್ನು ಎತ್ತಿ ಹುಯ್ದು ನೊರೆ ತರಿಸುವ ಕೈಗೆ ಇದೇನು ಕಷ್ಟ, ಅಲ್ವಾ? ನೊರೆ ಬರದ ಲೋಟವನ್ನು ಅಲ್ಲಿ ಅತಿಥಿಗೆ ಕೊಡಲು ಸಂಕೋಚಪಡುತ್ತಾರೆ.

ಚಳಿಗಾಲದಲ್ಲಿ ಅಲ್ಲಿನವರು ಪುದೀನದ ಜೊತೆ ಶೀಬಾ ಅನ್ನುವ ಕಹಿ ಗಿಡದ ಒಂದು ಎಸಳು ಹಾಕುವುದುಂಟು. ಅದು ನಮ್ಮ ದವನದ ಕುಲದ್ದು. "ಹಾಗಾದ್ರೆ ದವನ ಹಾಕಬಹುದಾ ಸಾರ್?" ಅಂತ ಒಬ್ಬರು ಕೇಳಿದರು. ನಾನಿನ್ನೂ ಹಾಕಿ ನೋಡಿಲ್ಲ.