ಒಂದೇ ಹಳ್ಳಿಗೆ ಎರಡು ಚರ್ಚು ಯಾಕೆ?

ಪ್ರಶ್ನೆ: ಮಗ ಬೆಲಾರಸ್‌ನ ಗ್ರೊಡ್ನೊದಲ್ಲಿ ಎಂಬಿಬಿಎಸ್ ಓದುತ್ತಿದ್ದಾನೆ. ರಜೆಯಲ್ಲಿ ಒಂದು ಹಳ್ಳಿ ನೋಡಿಕೊಂಡು ಬಂದು ಫೋಟೊ ಕಳಿಸಿದ್ದಾನೆ. ಜಮೀನ್ದಾರರ ಹಳೇ ಮನೆ ಒಂದು, ಚರ್ಚು ಎರಡು. ಅಷ್ಟು ಸಣ್ಣ ಊರಿಗೆ ಎರಡು ಚರ್ಚು ಯಾಕೆ? ಒಂದು ಪೋಲೆಂಡಿನವರದು, ಇನ್ನೊಂದು ರಷ್ಯಾದವರದು ಅಂತಾರೆ, ನಿಜವೇ?

ಉತ್ತರ: ನಿಜವಲ್ಲ. ಮಕ್ಕಳನ್ನು ಅಲ್ಲಿಗೆ ಮೆಡಿಕಲ್ ಓದಲು ಕಳಿಸಿದ ಹಲವರು ಇದನ್ನೇ ಕೇಳಿದ್ದಾರೆ. ಪ್ರತಿ ಸಲ ಎರಡು ಸಾಲಿನಲ್ಲಿ ಉತ್ತರ ಕೊಟ್ಟು ಸುಮ್ಮನಾಗುತ್ತಿದ್ದೆ. ಮತ್ತೆ ಅದೇ ಪ್ರಶ್ನೆ, ಅದರ ಜೊತೆಗೆ ಅದೇ ತಪ್ಪು ನಂಬಿಕೆ. ಈ ಸಲ ಪೂರ್ತಿ ಬರೆಯುತ್ತೇನೆ.

ನಿಮ್ಮ ಪ್ರಶ್ನೆಯ ಮೊದಲ ಭಾಗ ಸುಲಭ. ಒಂದು ಪೋಪ್‌ನ ಹಿರಿತನ ಒಪ್ಪುವ ಕ್ಯಾಥೊಲಿಕ್ಕರದು, ಇನ್ನೊಂದು ಅದನ್ನು ಒಪ್ಪದ ಆರ್ಥೊಡಾಕ್ಸರದು. ನಾವು ಎರಡಕ್ಕೂ ಚರ್ಚ್ ಅಂತೀವಿ. ಅಲ್ಲಿನವರಿಗೆ ಕ್ಯಾಥೊಲಿಕ್ಕರದು 'ಕಸ್ತ್ಯೋಲ್', ಆರ್ಥೊಡಾಕ್ಸರದು 'ತ್ಸರ್ಕ್ವ'. ಹಬ್ಬವೂ ಬೇರೆ ಬೇರೆ ದಿನ. ಡಿಸೆಂಬರ್ 25ಕ್ಕೆ ಒಂದು ಕ್ರಿಸ್‌ಮಸ್, ಜನವರಿ 7ಕ್ಕೆ ಇನ್ನೊಂದು. ಎರಡೂ ದಿನ ಸರ್ಕಾರಿ ರಜೆ. ನಿಮ್ಮ ಮಗನಿಗೂ ಗೊತ್ತಿರುತ್ತದೆ.

ಕಷ್ಟ ಇರುವುದು ಎರಡನೇ ಭಾಗದಲ್ಲಿ. ಕ್ಯಾಥೊಲಿಕ್ ಅಂದರೆ ಪೋಲೆಂಡಿನವನು, ಆರ್ಥೊಡಾಕ್ಸ್ ಅಂದರೆ ರಷ್ಯಾದವನು, ಮಧ್ಯದಲ್ಲಿ ಬೆಲಾರಸ್ ಅನ್ನುವುದು ಸುಮ್ನೆ ಗಡಿ ಅನ್ನುವ ಮಾತು. ಕಲಿತವರೂ ಇದನ್ನು ಹೇಳುತ್ತಾರೆ. ಇದು ಎಷ್ಟು ತಪ್ಪು ಅಂತ ತಿಳಿಯಲು ಒಂದು ಊರನ್ನು ಹತ್ತಿರದಿಂದ ನೋಡಿದರೆ ಸಾಕು.

ಗ್ರೊಡ್ನೊ ಪ್ರಾಂತ್ಯದ ನವಹ್ರುದಕ್ ಸೀಮೆಯಲ್ಲಿ ಶ್ಚೊರ್ಸಿ ಅನ್ನುವ ಹಳ್ಳಿ ಇದೆ. ಅಲ್ಲಿನ ದೊಡ್ಡಮನೆ ಖ್ರೆಪ್ಟೊವಿಚ್ ಮನೆತನದ್ದಾಗಿತ್ತು. 18ನೇ ಶತಮಾನದಲ್ಲಿ ಅದರ ಯಜಮಾನ ಯೋಖಿಮ್ ಖ್ರೆಪ್ಟೊವಿಚ್. ಲಿಥುವೇನಿಯಾ ಮಹಾಸಂಸ್ಥಾನದ ಕೊನೆಯ ಚಾನ್ಸಲರ್, ಅಂದರೆ ಹಿರಿಯ ಮಂತ್ರಿ, ಇವನೇ. 1772ರವರೆಗೆ ಬೆಲಾರಸ್ ನೆಲ ಹತ್ತಿರ ಹತ್ತಿರ ಪೂರ್ತಿ ಆ ಸಂಸ್ಥಾನದ ಒಳಗಿತ್ತು. ಸಂಸ್ಥಾನ 1569ರಿಂದ ಪೋಲೆಂಡಿನ ಜೊತೆ ಒಂದಾಗಿತ್ತು. ಯೋಖಿಮ್ ಕ್ಯಾಥೊಲಿಕ್, ಪೋಲಿಷ್ ಬರೆಯುತ್ತಿದ್ದವನು. ಹಾಗಾದರೆ ಪೋಲೆಂಡಿನಿಂದ ಬಂದವನೇ? ಅಲ್ಲ. ಖ್ರೆಪ್ಟೊವಿಚ್‌ಗಳು ಆ ನೆಲದವರೇ, ಮೂಲದಲ್ಲಿ ಆರ್ಥೊಡಾಕ್ಸ್ ಮನೆತನ. ದರ್ಬಾರಿನ ಭಾಷೆ, ದರ್ಬಾರಿನ ಧರ್ಮ ಬದಲಾದ ಹಾಗೆ ಮನೆತನವೂ ಬದಲಾಯಿತು. ಇಂಥ ಎಷ್ಟೋ ಮನೆತನಗಳು ಅಲ್ಲಿವೆ.

ಈಗ ಇದೇ ಕ್ಯಾಥೊಲಿಕ್ ಯಜಮಾನನ ಕಾಲದಲ್ಲಿ, 1770ರ ದಶಕದಲ್ಲಿ, ಶ್ಚೊರ್ಸಿಯಲ್ಲಿ ಎದ್ದ ಚರ್ಚು ನೋಡಿ. ಸಂತ ದ್ಮಿತ್ರಿಯ ಹೆಸರಿನದು, ಇವತ್ತು ಆರ್ಥೊಡಾಕ್ಸ್ ಚರ್ಚು. ಆದರೆ ಕಟ್ಟಿದಾಗ ಅದು ಆರ್ಥೊಡಾಕ್ಸೂ ಅಲ್ಲ, ನಾವು ತಿಳಿದ ಅರ್ಥದ ಕ್ಯಾಥೊಲಿಕ್ಕೂ ಅಲ್ಲ. ಯೂನಿಯೇಟ್ ಚರ್ಚು.

ಈ ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಗೊಂದಲ ಹುಟ್ಟುವುದೂ ಇಲ್ಲಿಯೇ. 1596ರಲ್ಲಿ ಬ್ರೆಸ್ಟ್ ಊರಲ್ಲಿ ಒಂದು ಒಪ್ಪಂದ ಆಯಿತು. ಆರ್ಥೊಡಾಕ್ಸ್ ಬಿಷಪ್ಪರಲ್ಲಿ ಹೆಚ್ಚಿನವರು ಪೋಪ್‌ನ ಹಿರಿತನ ಒಪ್ಪಿಕೊಂಡರು. ಪೂಜೆಯ ಕ್ರಮ ಮಾತ್ರ ಹಳೆಯದೇ ಉಳಿಯಿತು. ಅದೇ ಸ್ಲಾವೊನಿಕ್ ಭಾಷೆ, ಅದೇ ಪ್ರಾರ್ಥನೆ, ಮದುವೆಯಾದ ಪಾದ್ರಿಗಳು. ಹಳ್ಳಿಯವರ ಕಣ್ಣಿಗೆ ಜಾಸ್ತಿ ಏನೂ ಬದಲಾಗಲಿಲ್ಲ. 18ನೇ ಶತಮಾನ ಮುಗಿಯುವ ಹೊತ್ತಿಗೆ ಬೆಲಾರಸ್‌ನ ಜನರಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಯೂನಿಯೇಟರು. ರೈತರ ಧರ್ಮ ಅಂದರೆ ಅದೇ ಆಗಿತ್ತು.

1795ರ ಹೊತ್ತಿಗೆ ಇಡೀ ನೆಲ ರಷ್ಯಾದ ಚಕ್ರವರ್ತಿಗಳ ಕೈಗೆ ಹೋಯಿತು. 1839ರಲ್ಲಿ ಪೋಲೊಟ್ಸ್ಕ್‌ನಲ್ಲಿ ಬಿಷಪ್ಪರ ಸಭೆ ಸೇರಿ ಯೂನಿಯೇಟ್ ಧರ್ಮವನ್ನೇ ರದ್ದು ಮಾಡಿತು. ಸುಮಾರು 16 ಲಕ್ಷ ಜನ ದಾಖಲೆಯಲ್ಲಿ ಆರ್ಥೊಡಾಕ್ಸ್ ಆದರು. ಶ್ಚೊರ್ಸಿಯ ಚರ್ಚು ಇದ್ದಲ್ಲೇ ಇತ್ತು, ಬರುವ ಜನರೂ ಅವರೇ, ಹೆಸರು ಮಾತ್ರ ಬೇರೆ. ಈಗ ಹೇಳಿ, ಆ ರೈತರು ರಷ್ಯಾದಿಂದ ಬಂದವರೇ?

ಆಮೇಲೆ ರಷ್ಯಾದ ಆಳ್ವಿಕೆಯ ವಿರುದ್ಧ 1863ರ ದಂಗೆ. ಅದನ್ನು ಹತ್ತಿಕ್ಕಲು ಬಂದ ಗವರ್ನರ್ ಜನರಲ್ ಮಿಖಾಯಿಲ್ ಮುರಾವ್ಯೋವ್. ದಂಗೆಯ ನಂತರದ ವರ್ಷಗಳಲ್ಲಿ ಎಷ್ಟೋ ಕಸ್ತ್ಯೋಲ್‌ಗಳನ್ನು ಮುಚ್ಚಿ ತ್ಸರ್ಕ್ವ ಮಾಡಿದರು. ಹಳೇ ಕಟ್ಟಡದ ಮೇಲೆ ಈರುಳ್ಳಿ ಆಕಾರದ ಗುಮ್ಮಟ ಕೂರಿಸಿದರು. ಹಾಗಾಗಿ ಗುಮ್ಮಟ ನೋಡಿ ಕಟ್ಟಡದ ಮೂಲ ಹೇಳಬೇಡಿ. ಗುಮ್ಮಟದ ಕೆಳಗಿನ ಗೋಡೆ ನೋಡಿ. ಮುಂಭಾಗದ ಎರಡು ಕಡೆ ಎರಡು ಗೋಪುರ, ಅಥವಾ ಬಾಗಿದ ಅಂಚಿನ ಎತ್ತರದ ಮುಖಗೋಡೆ ಕಂಡರೆ ಅದು ಬರೋಕ್ ಶೈಲಿಯ ಕಾಲದ (17-18ನೇ ಶತಮಾನದ) ಕಸ್ತ್ಯೋಲೋ ಯೂನಿಯೇಟ್ ಚರ್ಚೋ ಇರಬಹುದು. ಒಳಗೆ ಬೆಂಚು, ಆರ್ಗನ್ ಇದ್ದರೆ ಈಗ ಕ್ಯಾಥೊಲಿಕ್ಕರ ಕೈಯಲ್ಲಿದೆ. ಸಂತರ ಚಿತ್ರಗಳ ಎತ್ತರದ ತಡಿಕೆ ಗರ್ಭಗುಡಿಗೆ ಅಡ್ಡವಾಗಿ ನಿಂತಿದ್ದು, ಜನ ನಿಂತೇ ಪ್ರಾರ್ಥನೆ ಮಾಡುತ್ತಿದ್ದರೆ ಆರ್ಥೊಡಾಕ್ಸರದು. ಮಗನಿಗೆ ಮುಂದಿನ ಸಲ ಒಳಗೂ ಹೋಗಿ ಬರಲು ಹೇಳಿ.

ಗ್ರೊಡ್ನೊ ಪ್ರಾಂತ್ಯದಲ್ಲೇ ಸಿಂಕಾವಿಚಿ ಅನ್ನುವ ಹಳ್ಳಿ ಇದೆ. ಅಲ್ಲಿನ ಚರ್ಚು ನಾಲ್ಕು ಮೂಲೆಗೆ ನಾಲ್ಕು ಗೋಪುರ, ಗೋಡೆಯಲ್ಲಿ ಗುಂಡು ಹಾರಿಸುವ ಕಿಂಡಿ ಇರುವ ಕೆಂಪು ಇಟ್ಟಿಗೆಯ ಕೋಟೆ. ಸುಮಾರು 500 ವರ್ಷ ಹಳೆಯದು. ಇದೊಂದೇ ಕಟ್ಟಡ ಮೂರು ಪಂಗಡದ ಪೂಜೆಯನ್ನೂ ಕಂಡಿದೆ.

ಇನ್ನೂ ನಂಬಿಕೆ ಬರದಿದ್ದರೆ 1863ರ ದಂಗೆಯ ನಾಯಕ ಕಸ್ತುಸ್ ಕಲಿನೋವ್‌ಸ್ಕಿಯನ್ನು ನೋಡಿ. ಕ್ಯಾಥೊಲಿಕ್ ಕುಲೀನ ಮನೆಯವನು. ಅವನು ರೈತರಿಗಾಗಿ ಹೊರಡಿಸಿದ ಪತ್ರಿಕೆ ಬೆಲರೂಸಿ ಭಾಷೆಯಲ್ಲಿತ್ತು. ಅದರಲ್ಲಿ ಅವನು ಕೇಳಿದ್ದು ರೈತರ ಹಳೇ ಯೂನಿಯೇಟ್ ಧರ್ಮ ವಾಪಸ್ ಕೊಡಿ ಅಂತ. 1864ರಲ್ಲಿ ಅವನನ್ನು ವಿಲ್ನಿಯಸ್‌ನಲ್ಲಿ ಗಲ್ಲಿಗೇರಿಸಿದರು. ಇವನನ್ನು ಯಾವ ಪೆಟ್ಟಿಗೆಯಲ್ಲಿ ಹಾಕುತ್ತೀರಿ? 1931ರಲ್ಲಿ ಪೋಲೆಂಡ್ ಸರ್ಕಾರ ಜನಗಣತಿ ಮಾಡಿದಾಗ, ಆಗ ಪೋಲೆಂಡಿನ ಕೈಯಲ್ಲಿದ್ದ ಪೊಲೇಸ್ಯೆ ಸೀಮೆಯ 7 ಲಕ್ಷಕ್ಕೂ ಹೆಚ್ಚು ಜನರ ಮಾತೃಭಾಷೆ ಏನೆಂದು ದಾಖಲಾಯಿತು ಗೊತ್ತೇ? 'ಇಲ್ಲಿಯದು'. ಪೋಲಿಷ್ ಅಲ್ಲ, ರಷ್ಯನ್ ಅಲ್ಲ, ಇಲ್ಲಿಯ ಮಾತು. ನನಗೆ ತುಂಬಾ ಇಷ್ಟವಾದ ಉತ್ತರ ಅದು.

ಚರ್ಚಿನ ಮಾತು ಇಷ್ಟು. ನೀವು ಕೇಳದಿದ್ದರೂ ಶ್ಚೊರ್ಸಿಯ ಆ ದೊಡ್ಡಮನೆಯ ಬಗ್ಗೆ ಹೇಳದೆ ಬಿಡಲು ಮನಸ್ಸಿಲ್ಲ. ಜಮೀನ್ದಾರ ಅಂದ ಕೂಡಲೇ ಚಾಟಿ ಹಿಡಿದವನು ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಿದ್ದವರೇ ಹೆಚ್ಚು. ಯೋಖಿಮ್ ಮಾತ್ರ ತನ್ನ ರೈತರ ಬಿಟ್ಟಿ ಚಾಕರಿ ನಿಲ್ಲಿಸಿ, ಹಣದ ಗೇಣಿ ಮಾಡಿದ. ಮನೆಯಲ್ಲಿ ಸಾವಿರಾರು ಪುಸ್ತಕ, ಹಸ್ತಪ್ರತಿ ಕೂಡಿಸಿದ. ಪೋಲಿಷ್ ಕವಿ ಆದಂ ಮಿತ್ಸ್ಕೆವಿಚ್ ಅಲ್ಲಿಗೆ ಬಂದು ಓದಿದ್ದುಂಟು.

ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಆ ಪುಸ್ತಕಗಳನ್ನೆಲ್ಲ ಕೀವ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದರು. ಯುದ್ಧದಲ್ಲಿ ದೊಡ್ಡಮನೆ ಸುಟ್ಟುಹೋಯಿತು, ಪುಸ್ತಕ ಉಳಿದವು. ಇವತ್ತಿಗೂ ಅವು ಕೀವ್‌ನ ವೆರ್ನಾಡ್‌ಸ್ಕಿ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಶ್ಚೊರ್ಸಿಯಲ್ಲಿ ಉಳಿದಿರುವುದು ದೊಡ್ಡಮನೆಯ ಅಕ್ಕಪಕ್ಕದ ಕೆಲವು ಕಟ್ಟಡ, ತೋಟದ ಗುರುತು, ಮತ್ತು ದ್ಮಿತ್ರಿಯ ಆ ಚರ್ಚು.