ತೋಟೆ ಮರುತುಂಬುವ ಲೆಕ್ಕಾಚಾರ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಂದಿ-ಮಂಗಗಳಿಂದ ಬೆಳೆ ಕಾಯಲು ಇಟ್ಟುಕೊಂಡ ಲೈಸನ್ಸಿನ ಕೋವಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ ಒಂದು, ಹಿಂದಿನಿಂದ ತೋಟೆ ಹಾಕುವ 12 ಬೋರ್ ಇನ್ನೊಂದು. ಮೊದಲನೆಯದರಲ್ಲಿ ಪ್ರತಿ ಈಡಿಗೂ ಮದ್ದು ಅಳೆದು, ಗಜವೆಂಬ ಉದ್ದ ಸರಳಿನಿಂದ ಜಡಿದು ತುಂಬಬೇಕಾದವನು ಕೋವಿಯವನೇ. ಎರಡನೆಯದರ ಖಾಲಿ ತೋಟೆಯನ್ನು ಅದೇ ಮನುಷ್ಯ ಮನೆಯಲ್ಲಿ ತುಂಬಿದರೆ ಕಾನೂನು ಅವನನ್ನು ಬೇರೆಯೇ ಕಣ್ಣಿಂದ ನೋಡುತ್ತದೆ.

ಇದರ ಬೇರು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿದೆ. ಬೆಳೆ ರಕ್ಷಣೆಗೆಂದು ಅರ್ಜಿ ಹಾಕಿದವನಿಗೆ 13ನೇ ಸೆಕ್ಷನ್ ಮೊದಲು ತೋರಿಸುವುದೇ ಬಾಯಿಯಿಂದ ತುಂಬುವ ಕೋವಿಯನ್ನು. ಅದು ಸಾಲದು ಅನ್ನಿಸಿದರೆ ಮಾತ್ರ ಅಧಿಕಾರಿ ಬೇರೆ ನಯನಳಿಗೆಯ (ಒಳಗೆ ಗೀರುಗಳಿಲ್ಲದ) ಕೋವಿಗೆ ಪರವಾನಗಿ ಕೊಡಬಹುದು. ಇತ್ತ 2ನೇ ಸೆಕ್ಷನ್ನಿನ ವ್ಯಾಖ್ಯೆ ಬಹಳ ಅಗಲ: ತುಂಬಿದ ತೋಟೆಯಷ್ಟೇ ಅಲ್ಲ, ಅದರ ಬಿಡಿಭಾಗ, ಅದನ್ನು ತಯಾರಿಸುವ ಯಂತ್ರವೂ ಮದ್ದುಗುಂಡೇ. ಅಂದರೆ ವಿದೇಶದಲ್ಲಿ ತೋಟೆ ತುಂಬಲು ಮೇಜಿಗೆ ಬಿಗಿದುಕೊಳ್ಳುವ ಕೈಪ್ರೆಸ್ ಕೂಡ ಇಲ್ಲಿ ಮದ್ದುಗುಂಡಿನ ಲೆಕ್ಕಕ್ಕೆ ಬರುತ್ತದೆ. ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ.

ಮರುತುಂಬುವ ರೂಢಿ ಬೆಳೆದದ್ದು ಅಮೆರಿಕದಲ್ಲಿ. 1866ರಲ್ಲಿ ತೋಟೆಯ ತಳದಲ್ಲಿ ಕೂತು ಮದ್ದಿಗೆ ಕಿಡಿ ಕೊಡುವ ಕೇಪು ಎರಡು ಬಗೆಯಲ್ಲಿ ಬಂತು. ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ರೂಪಿಸಿದ್ದರಲ್ಲಿ ಅಡಿಗಲ್ಲು (ಪೆಟ್ಟು ಬಿದ್ದಾಗ ಕೇಪಿನ ಮದ್ದು ಒತ್ತಿಕೊಳ್ಳುವ ಲೋಹದ ಮೊನೆ) ಕೇಪಿನೊಳಗೇ ಇತ್ತು, ಚಿಪ್ಪಿನ, ಅಂದರೆ ತೋಟೆಯ ಹೊರಕವಚದ, ತಳದ ನಡುವೆ ಒಂದೇ ತೂತು. ಅಮೆರಿಕದ ಹೈರಮ್ ಬರ್ಡನ್ ಅಡಿಗಲ್ಲನ್ನು ಚಿಪ್ಪಿನಲ್ಲೇ ಇಟ್ಟು ಪಕ್ಕದಲ್ಲಿ ಎರಡು ಸಣ್ಣ ತೂತು ಬಿಟ್ಟ. ತಮಾಷೆಯೆಂದರೆ ಅಮೆರಿಕ ಇಂಗ್ಲೆಂಡಿನವನದನ್ನು ಹಿಡಿಯಿತು, ಯುರೋಪು ಅಮೆರಿಕದವನದನ್ನು. ಮರುತುಂಬುವಾಗ ಬಾಕ್ಸರ್ ಚಿಪ್ಪಿನ ಹಳೆ ಕೇಪನ್ನು ಒಂದು ಸೂಜಿ ನೇರ ತಳ್ಳಿ ಹೊರಹಾಕುತ್ತದೆ; ಬರ್ಡನ್ ಚಿಪ್ಪಿನಲ್ಲಿ ಅದೇ ಸೂಜಿ ಅಡಿಗಲ್ಲಿಗೆ ತಾಗಿ ಮುರಿಯುತ್ತದೆ. ಚಿಪ್ಪಿನ ಬಾಯಿಯೊಳಗೆ ಬೆಳಕು ಬಿಟ್ಟು ನೋಡಿದರೆ ಒಂದು ತೂತೋ ಎರಡೋ ಕಾಣುತ್ತದೆ. ಬ್ರಿಟಿಷರ .303 ರೈಫಲ್ಲಿನ ಚಿಪ್ಪುಗಳಲ್ಲಿ ಬಹುಪಾಲು ಎರಡು ತೂತಿನವೇ.

ಮರುತುಂಬುವುದರ ಲಾಭವಿರುವುದು ಚಿಪ್ಪಿನ ಹಿತ್ತಾಳೆಯಲ್ಲಿ. ಈಡು ಹಾರಿದಾಗ ಮುಗಿಯುವುದು ಕೇಪು, ಮದ್ದು, ಗುಂಡು. ತೋಟೆಯ ದುಬಾರಿ ಭಾಗವಾದ ಚಿಪ್ಪು ಉಳಿಯುತ್ತದೆ. ಅದನ್ನು ಒರೆಸಿ, ಜಾರೆಣ್ಣೆ ಸವರಿ ಡೈ ಎಂಬ ಉಕ್ಕಿನ ಅಚ್ಚಿಗೆ ಒತ್ತಿದರೆ ಹಳೆ ಕೇಪು ಬಿದ್ದು ಚಿಪ್ಪು ಮೊದಲಿನ ಅಳತೆಗೆ ಬರುತ್ತದೆ. ಉದ್ದ ಬೆಳೆದಿದ್ದರೆ ಬಾಯಿ ಕತ್ತರಿಸಿ, ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಗುಂಡು ಒತ್ತುತ್ತಾರೆ. ತಕ್ಕಡಿ 0.1 ಗ್ರೇನ್, ಅಂದರೆ ಸುಮಾರು 6.5 ಮಿಲಿಗ್ರಾಂ ತೋರಿಸಬೇಕು. ತನ್ನ ರೈಫಲ್ಲಿಗೆ ಒಗ್ಗುವ ಗುಂಡು, ಮದ್ದು, ಉದ್ದ ಹುಡುಕಿಕೊಂಡ ದೂರಗುರಿ ಸ್ಪರ್ಧಿಗೆ ಅಂಗಡಿಯ ತೋಟೆಗಿಂತ ನಿಖರವಾದ ಗುರಿ ಸಿಗುತ್ತದೆ. ಇಪ್ಪತ್ತು ಮಾರು ದೂರದ ಹಂದಿಗೆ ಚರೆ ಹೊಡೆಯುವವನಿಗೆ ಈ ಸೂಕ್ಷ್ಮದಿಂದ ಏನೂ ಆಗಬೇಕಾದ್ದಿಲ್ಲ.

ಎಡವಟ್ಟಾಗುವುದು ಸಣ್ಣ ವಿಷಯಗಳಲ್ಲಿ. ಮಾತಾಡುತ್ತಾ ಕೂತವನು ಒಂದೇ ಚಿಪ್ಪಿಗೆ ಎರಡು ಸಲ ಮದ್ದು ಹಾಕಿದರೆ ಕೋವಿ ಸಿಡಿಯುತ್ತದೆ. ಮದ್ದೇ ಹಾಕದಿದ್ದರೆ ಕೇಪಿನ ಬಲಕ್ಕೆ ಗುಂಡು ನಳಿಗೆಯ ನಡುವೆ ಹೋಗಿ ನಿಲ್ಲುತ್ತದೆ. ಸದ್ದು ಟುಸ್ಸೆಂದಾಗ ನಿಲ್ಲಿಸದೆ ಮುಂದಿನ ಈಡು ಹೊಡೆದವನ ನಳಿಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಹಲವು ಸಲ ತುಂಬಿದ ಚಿಪ್ಪು ತಳಕ್ಕಿಂತ ತುಸು ಮೇಲೆ ಒಳಗಿನಿಂದ ತೆಳ್ಳಗಾಗುತ್ತದೆ. ತುದಿ ಬಾಗಿಸಿದ ತಂತಿಯನ್ನು ಒಳಗೆ ಎಳೆದಾಗ ಅಲ್ಲಿ ತೊಡಕಿದರೆ ಆ ಚಿಪ್ಪು ಗುಜರಿಗೆ. .308 ಅಳತೆಯ ರೈಫಲ್ಲಿನೊಳಗೆ ಒತ್ತಡ 4,000 ಬಾರ್, ಅಂದರೆ ಗಾಳಿಯ ಒತ್ತಡದ ಸುಮಾರು 4,000 ಪಟ್ಟು, ದಾಟುತ್ತದೆ. 12 ಬೋರಿಗೆ ಮಿತಿ ಸುಮಾರು 800.

ಎಲ್ಲಕ್ಕಿಂತ ಕೆಟ್ಟದ್ದು ತೋಟೆ ಒಡೆದು ತೆಗೆದ ಮದ್ದನ್ನು ಕೇಪಿನ ಕೋವಿಗೆ ಸುರಿಯುವುದು. ತೋಟೆಯಲ್ಲಿರುವುದು 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ತಯಾರಿಸಿದ ಹೊಗೆರಹಿತ ಮದ್ದಿನ ಬಗೆ, ಅದರ ಜಾತಿಯೇ ಬೇರೆ. ಕೇಪಿನ ಕೋವಿಗೆ ಹಾಕುವ ಕರಿಮದ್ದಿನ ಅಳತೆಪಾತ್ರೆಯಲ್ಲಿ ಅದನ್ನು ಅಳೆದರೆ ಶಕ್ತಿ ಹಲವು ಪಟ್ಟು. ಹಳೆಯ ನಳಿಗೆ ತಡೆಯುವುದಿಲ್ಲ, ಎಡಗೈ ಇರುವುದು ಸರಿಯಾಗಿ ನಳಿಗೆಯ ಕೆಳಗೇ.

ಇಲ್ಲಿಯ ಮಳೆಗಾಲದ ಹವೆಯೂ ಕೈಯಲ್ಲಿ ತುಂಬಿದ ತೋಟೆಗೆ ಶತ್ರು. ಕಾಗದದ ಕೊಳವೆಯ ಹಳೆ ತೋಟೆಗಳು ಆಷಾಢದ ಶೀತಕ್ಕೆ ಉಬ್ಬಿ ನಳಿಗೆಯೊಳಗೆ ಕೂರದಾಗುತ್ತಿದ್ದವು, ಕೂತರೂ ಹೊರಗೆ ಬರುತ್ತಿರಲಿಲ್ಲ. 1960ರಿಂದ ಪ್ಲಾಸ್ಟಿಕ್ ಕೊಳವೆ ಬಂದು ಆ ತಾಪತ್ರಯ ತಗ್ಗಿತು. ಕೇಪು, ಮದ್ದಿಗೆ ತೇವ ತಾಗುವುದು ಮಾತ್ರ ಇದ್ದೇ ಇದೆ: ಕೈಯಲ್ಲಿ ತುಂಬಿದ್ದಕ್ಕೆ ಕಾರ್ಖಾನೆಯ ಮೊಹರೂ ಇಲ್ಲ, ತಯಾರಾದ ವರ್ಷವೂ ಇಲ್ಲ.

ಹೀಗಾಗಿ ಲೈಸನ್ಸಿನ 12 ಬೋರ್ ಇರುವವರು ಪರವಾನಗಿ ಪುಸ್ತಕದಲ್ಲಿ ಬರೆಸಿಕೊಂಡು ಪುಣೆಯ ಖಡಕಿಯಲ್ಲಿರುವ ಮದ್ದುಗುಂಡು ಕಾರ್ಖಾನೆಯ ತೋಟೆ ಕೊಳ್ಳುವುದೇ ಸರಿ. ಹಿರಿಯರ ಕಾಲದ ಕೈತುಂಬಿದ ತೋಟೆ ಅಟ್ಟದ ಮೇಲೆ ಸಿಕ್ಕರೆ ಒಡೆಯಬೇಡಿ, ಬಿಸಿಲಿಗೆ ಇಡಬೇಡಿ, ಒಲೆಗೆ ಹಾಕಬೇಡಿ. ಇದ್ದಲ್ಲೇ ಬಿಟ್ಟು ಠಾಣೆಗೆ ತಿಳಿಸಿ, ಒಪ್ಪಿಸಿದ್ದಕ್ಕೆ ರಸೀದಿ ಕೇಳಿ ಪಡೆಯಿರಿ.