ಮಾರಿಷಸ್‌ನ ವಿದೇಶಿ ವ್ಯಾಪಾರ: ಅವಧಿ ಇರುವ ರಿಯಾಯಿತಿಗಳ ಮೇಲೆ ನಿಂತ ರಫ್ತು

ಮಡಗಾಸ್ಕರ್‌ನ ಪೂರ್ವಕ್ಕೆ ಹಿಂದೂ ಮಹಾಸಾಗರದಲ್ಲಿರುವ ಮಾರಿಷಸ್‌ನ ವಿಸ್ತೀರ್ಣ ಸುಮಾರು 2,040 ಚದರ ಕಿಲೋಮೀಟರ್. ಜನಸಂಖ್ಯೆ ಹದಿಮೂರು ಲಕ್ಷದ ಆಸುಪಾಸು. ಅಲ್ಲಿ ಕಚ್ಚಾತೈಲವಿಲ್ಲ, ಹೇಳಿಕೊಳ್ಳುವಂಥ ಖನಿಜಗಳಿಲ್ಲ. ಅಕ್ಕಿ, ಗೋಧಿಯೂ ಹೊರಗಿನಿಂದಲೇ ಬರಬೇಕು. ಮುಂದೆ 1977ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಜೇಮ್ಸ್ ಮೀಡ್ 1961ರ ಹೊತ್ತಿಗೆ ಈ ದ್ವೀಪವನ್ನು ಅಧ್ಯಯನ ಮಾಡಿ, ವೇಗವಾಗಿ ಬೆಳೆಯುತ್ತಿರುವ ಜನಸಂಖ್ಯೆಗೆ ಒಂದೇ ಬೆಳೆಯನ್ನು ನಂಬಿದ ಆರ್ಥಿಕತೆ ಉದ್ಯೋಗ ಕೊಡಲಾರದು ಎಂದು ಆತಂಕಪಟ್ಟಿದ್ದರು. ಆ ಆತಂಕ ನಿಜವಾಗದೆ ಹೋದದ್ದು ಹೇಗೆ ಎಂಬುದು ಅಂತರರಾಷ್ಟ್ರೀಯ ವ್ಯಾಪಾರವನ್ನು ಓದುವ ನಮಗೆ ಮುಖ್ಯವಾದ ಪ್ರಶ್ನೆ. ಉತ್ತರದ ಕೀಲಿ ‘ಆದ್ಯತಾ ಪ್ರವೇಶ’ ಎಂಬ ಪರಿಕಲ್ಪನೆಯಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಆಮದು ಮಾಡಿಕೊಳ್ಳುವ ದೇಶವು ಕೆಲವೇ ದೇಶಗಳ ಸರಕಿಗೆ ಸುಂಕ ಬಿಟ್ಟುಕೊಟ್ಟರೆ ಅಥವಾ ಹೆಚ್ಚಿನ ಬೆಲೆ ತೆತ್ತರೆ ಅದು ಆದ್ಯತಾ ಪ್ರವೇಶ. ಅದನ್ನು ಕೊಡುವ ಅಧಿಕಾರವೂ ಹಿಂತೆಗೆದುಕೊಳ್ಳುವ ಅಧಿಕಾರವೂ ಕೊಳ್ಳುವವರ ಕೈಯಲ್ಲೇ ಇರುತ್ತವೆ.

ಮೊದಲ ಸರಕು ಸಕ್ಕರೆ. 1810ರಲ್ಲಿ ದ್ವೀಪವನ್ನು ಫ್ರೆಂಚರಿಂದ ಕಿತ್ತುಕೊಂಡ ಬ್ರಿಟನ್, 1825ರಲ್ಲಿ ಅದರ ಸಕ್ಕರೆಗೆ ವೆಸ್ಟ್ ಇಂಡೀಸ್ ಸಕ್ಕರೆಗೆ ಸಮನಾದ ಸುಂಕ ನಿಗದಿ ಮಾಡಿದ ಮೇಲೆ ಕಬ್ಬಿನ ಬೇಸಾಯ ದ್ವೀಪವನ್ನೆಲ್ಲ ಆವರಿಸಿತು. ಗುಲಾಮಗಿರಿ ರದ್ದಾದಾಗ ತೋಟಗಳ ದುಡಿಮೆಗೆಂದು 1834ರಿಂದ ಭಾರತದ ಕರಾರು ಕೂಲಿಗಳನ್ನು ಹಡಗುಗಳಲ್ಲಿ ತಂದರು. ಹೀಗೆ ಬಂದವರು ನಾಲ್ಕೂವರೆ ಲಕ್ಷದಷ್ಟು ಮಂದಿ. ಅವರು ಇಳಿದ ಪೋರ್ಟ್ ಲೂಯಿಯ ಅಪ್ರವಾಸಿ ಘಾಟ್ ಇಂದು ವಿಶ್ವ ಪರಂಪರೆಯ ತಾಣ. 1968ರಲ್ಲಿ ಸ್ವಾತಂತ್ರ್ಯ ಬಂದಾಗ ರಫ್ತು ಗಳಿಕೆಯ ಹತ್ತರಲ್ಲಿ ಒಂಬತ್ತು ಪಾಲು ಸಕ್ಕರೆಯದೇ ಆಗಿತ್ತು.

ಯುರೋಪಿಯನ್ ಸಮುದಾಯವು ತನ್ನ ಸದಸ್ಯ ದೇಶಗಳ ಹಳೆಯ ವಸಾಹತುಗಳೊಂದಿಗೆ ಮಾಡಿಕೊಂಡ 1975ರ ಲೋಮೆ ಒಪ್ಪಂದಕ್ಕೆ ಸೇರಿದ ಸಕ್ಕರೆ ಪ್ರೋಟೊಕಾಲ್ ಇಲ್ಲಿ ಗಮನಿಸಬೇಕಾದ ಘಟ್ಟ. ಅದರ ಪ್ರಕಾರ ಯುರೋಪಿಯನ್ ಸಮುದಾಯವು ಹಳೆಯ ವಸಾಹತುಗಳಿಂದ ನಿಗದಿತ ಪ್ರಮಾಣದ ಸಕ್ಕರೆಯನ್ನು ತನ್ನ ಆಂತರಿಕ ಮಾರುಕಟ್ಟೆಯ ಖಾತರಿ ಬೆಲೆಗೆ ಕೊಳ್ಳಬೇಕಿತ್ತು. ಒಪ್ಪಂದದ ಮಾತುಕತೆ ನಡೆಯುತ್ತಿದ್ದ 1974ರ ಹೊತ್ತಿಗೆ ವಿಶ್ವ ಮಾರುಕಟ್ಟೆಯಲ್ಲಿ ಸಕ್ಕರೆಯ ಬೆಲೆ ಗಗನಕ್ಕೇರಿತ್ತು. ಆದರೂ ಮಾರಿಷಸ್ ತಕ್ಷಣದ ಲಾಭಕ್ಕಿಂತ ದೀರ್ಘಕಾಲದ ಖಾತರಿಯನ್ನು ಬೆಲೆಬಾಳುವುದೆಂದು ಎಣಿಸಿ, ಸುಮಾರು ಐದು ಲಕ್ಷ ಟನ್‌ಗಳ ಕೋಟಾ ಪಡೆಯಿತು. ಪ್ರೋಟೊಕಾಲ್‌ನ ಸದಸ್ಯರ ಪೈಕಿ ಅದೇ ಅತಿ ದೊಡ್ಡ ಪಾಲು. ಮುಂದೆ ವಿಶ್ವ ಬೆಲೆ ಕುಸಿದಾಗ ಯುರೋಪಿನ ಬೆಲೆ ಹಲವು ವರ್ಷ ಅದರ ಎರಡು ಪಟ್ಟಿಗೂ ಮೇಲಿತ್ತು. ಈ ವ್ಯತ್ಯಾಸದಿಂದ ಬಂದ ಹಣವನ್ನು ಅರ್ಥಶಾಸ್ತ್ರದಲ್ಲಿ ‘ಕೋಟಾ ಬಾಡಿಗೆ’ ಎನ್ನುತ್ತಾರೆ. ಅಂಥ ಬಾಡಿಗೆ ಹಲವು ದೇಶಗಳಲ್ಲಿ ಕೆಲವರ ಜೇಬು ಸೇರಿ ಮುಗಿದುಹೋಗಿದೆ. ಮಾರಿಷಸ್‌ನಲ್ಲಿ ಅದರ ಒಂದು ಭಾಗ ಸಕ್ಕರೆಯ ರಫ್ತು ತೆರಿಗೆಯ ಮೂಲಕ ಸರ್ಕಾರದ ಬೊಕ್ಕಸಕ್ಕೆ ಹೋಯಿತು, ಇನ್ನೊಂದು ಭಾಗ ತೋಟಗಳ ಮಾಲೀಕರ ಕೈಯಿಂದ ಹೋಟೆಲುಗಳಿಗೂ ಗಾರ್ಮೆಂಟ್ ಕಾರ್ಖಾನೆಗಳಿಗೂ ಬಂಡವಾಳವಾಗಿ ಹರಿಯಿತು. ನನ್ನ ಮಟ್ಟಿಗೆ ಈ ದೇಶದ ಕಥೆಯಲ್ಲಿ ಅತ್ಯಂತ ಕಲಿಯಬೇಕಾದ ಸಂಗತಿ ಇದೇ.

ಗಾರ್ಮೆಂಟ್ ಉದ್ಯಮಕ್ಕೆ ಅಡಿಪಾಯ ಹಾಕಿದ್ದು 1970ರ ರಫ್ತು ಸಂಸ್ಕರಣಾ ವಲಯ ಕಾಯ್ದೆ. ವಲಯ ಎಂದಾಕ್ಷಣ ನಾವು ಬೇಲಿ ಹಾಕಿದ ಕೈಗಾರಿಕಾ ಪ್ರದೇಶವನ್ನು ಕಲ್ಪಿಸಿಕೊಳ್ಳುತ್ತೇವೆ, ಇಲ್ಲಿ ಹಾಗಿರಲಿಲ್ಲ. ದ್ವೀಪದ ಯಾವುದೇ ಊರಿನಲ್ಲಿ ಕಾರ್ಖಾನೆ ತೆರೆದರೂ, ಉತ್ಪನ್ನ ರಫ್ತಿಗೆ ಮೀಸಲಾಗಿದ್ದರೆ, ಯಂತ್ರ ಮತ್ತು ಕಚ್ಚಾವಸ್ತುಗಳನ್ನು ಸುಂಕವಿಲ್ಲದೆ ತರಿಸಬಹುದಿತ್ತು. ದೇಶದೊಳಗೆ ಮಾರುವ ಉದ್ಯಮಗಳಿಗೆ ಎತ್ತರದ ಸುಂಕದ ರಕ್ಷಣೆ ಹಾಗೆಯೇ ಉಳಿದದ್ದರಿಂದ, ಒಂದೇ ದ್ವೀಪದಲ್ಲಿ ಮುಕ್ತ ವ್ಯಾಪಾರವೂ ರಕ್ಷಣಾ ನೀತಿಯೂ ಅಕ್ಕಪಕ್ಕದಲ್ಲೇ ನಡೆದವು. ಅದೇ ಕಾಲಕ್ಕೆ ಬಹುನಾರು ಒಪ್ಪಂದದಡಿ ಹಾಂಗ್‌ಕಾಂಗ್‌ನ ಉಡುಪುಗಳಿಗೆ ಪಾಶ್ಚಾತ್ಯ ದೇಶಗಳು ಕೋಟಾ, ಅಂದರೆ ಆಮದಿನ ಮಿತಿ, ಹಾಕಿದ್ದವು. ಮಾರಿಷಸ್‌ನ ಉಡುಪುಗಳಿಗೆ ಲೋಮೆ ಒಪ್ಪಂದದ ಬಲದಿಂದ ಯುರೋಪಿನಲ್ಲಿ ಸುಂಕವೂ ಇರಲಿಲ್ಲ, ಕೋಟಾವೂ ಇರಲಿಲ್ಲ. ಹೀಗಾಗಿ ಹಾಂಗ್‌ಕಾಂಗ್‌ನ ಉದ್ಯಮಿಗಳು ಇಲ್ಲಿಗೆ ಬಂದರು. 1980ರ ದಶಕದ ನಡುವಿನಲ್ಲಿ ವಲಯದ ರಫ್ತು ಗಳಿಕೆ ಸಕ್ಕರೆಯದನ್ನು ಹಿಂದಿಕ್ಕಿತು. ಅಲ್ಲಿ ದುಡಿದವರಲ್ಲಿ ಹೆಚ್ಚಿನವರು ಮೊದಲ ಬಾರಿಗೆ ಸಂಬಳದ ಕೆಲಸಕ್ಕೆ ಬಂದ ಹೆಣ್ಣುಮಕ್ಕಳು; ಅವರಿಗೆ ಗೊತ್ತುಪಡಿಸಿದ ಕನಿಷ್ಠ ಕೂಲಿ ಗಂಡಸರದಕ್ಕಿಂತ ಕಡಿಮೆಯಿತ್ತು. ರಫ್ತಿನ ಯಶಸ್ಸನ್ನು ಲೆಕ್ಕ ಹಾಕುವಾಗ ಅವರು ತೆತ್ತ ಈ ಬೆಲೆಯನ್ನು ಬಿಟ್ಟುಬಿಡಬಾರದು.

ಇಲ್ಲಿ ‘ಮೂಲ ನಿಯಮ’ಗಳನ್ನೂ ತಿಳಿದುಕೊಳ್ಳಬೇಕು, ಏಕೆಂದರೆ ಪರೀಕ್ಷೆಗೆ ಓದುವವರು ಬಹಳ ಸಲ ಇದನ್ನು ಹಾರಿಸಿಬಿಡುತ್ತಾರೆ. ಸುಂಕ ವಿನಾಯಿತಿ ಬೇಕಾದರೆ ಸರಕು ನಿಜವಾಗಿಯೂ ಆ ದೇಶದಲ್ಲೇ ತಯಾರಾಗಿದೆ ಎಂದು ತೋರಿಸಬೇಕು. ಹೊರಗಿನ ಬಟ್ಟೆ ತರಿಸಿ ಹೊಲಿದರಷ್ಟೇ ಸಾಲದು, ನೂಲಿನಿಂದ ಮುಂದಿನ ಹಂತಗಳು ಅಲ್ಲೇ ನಡೆಯಬೇಕೆಂದು ಯುರೋಪಿನ ನಿಯಮ ಹೇಳುತ್ತಿತ್ತು. ನೇಯ್ಗೆಗೆ ದೊಡ್ಡ ಗಿರಣಿ ಬೇಕು. ಸ್ವೆಟರನ್ನಾದರೆ ತರಿಸಿದ ನೂಲಿನಿಂದ ನೇರವಾಗಿ ಹೆಣೆಯಬಹುದು. ಕುರಿ ಸಾಕಣೆಯೇ ಇಲ್ಲವೆನ್ನಬಹುದಾದ ಉಷ್ಣವಲಯದ ದ್ವೀಪವೊಂದು ಉಣ್ಣೆಯ ಹೆಣಿಗೆ ಉಡುಪುಗಳ ಪ್ರಮುಖ ರಫ್ತುದಾರನಾಗಲು ಈ ನಿಯಮವೂ ಒಂದು ಕಾರಣ. ಪೋರ್ಟ್ ಲೂಯಿಯಲ್ಲಿ ಡಬ್ಬಿಗೆ ಸೇರಿ ಯುರೋಪಿಗೆ ಹೋಗುವ ಟ್ಯೂನಾ ಮೀನಿಗೂ ಇಂಥದೇ ನಿಯಮವಿದೆ: ಮೀನು ಹಿಡಿದ ಹಡಗು ಯಾವ ದೇಶದ್ದು ಎಂಬುದರ ಮೇಲೆ ಸುಂಕ ತೀರ್ಮಾನವಾಗುತ್ತದೆ.

ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಎರಡೂ ಆಧಾರಗಳು ಒಟ್ಟಿಗೆ ಸಡಿಲಗೊಂಡವು. ಉಡುಪು ಕೋಟಾಗಳು 2005ರ ಜನವರಿ 1ಕ್ಕೆ ಕೊನೆಗೊಂಡು ಚೀನಾ, ಬಾಂಗ್ಲಾದೇಶಗಳ ಸರಕಿಗೆ ಹಾದಿ ತೆರೆಯಿತು. ಆಸ್ಟ್ರೇಲಿಯಾ, ಬ್ರೆಜಿಲ್, ಥಾಯ್ಲೆಂಡ್‌ಗಳು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಯುರೋಪಿನ ಸಕ್ಕರೆ ನೀತಿಯನ್ನು ಪ್ರಶ್ನಿಸಿ ಗೆದ್ದ ಮೇಲೆ, 2006ರಿಂದ ಯುರೋಪು ತನ್ನ ಸಕ್ಕರೆಯ ಬೆಲೆಯನ್ನು ಹಂತಹಂತವಾಗಿ ಶೇ 36ರಷ್ಟು ಇಳಿಸಿತು. 2009ರಲ್ಲಿ ಪ್ರೋಟೊಕಾಲ್ ಕೂಡ ಮುಗಿಯಿತು. ಪಠ್ಯಗಳಲ್ಲಿ ‘ಆದ್ಯತೆಯ ಸವೆತ’ ಎಂದು ಕರೆಯುವುದು ಇದನ್ನೇ. ಮಾರಿಷಸ್ ಸಣ್ಣ ಕಾರ್ಖಾನೆಗಳನ್ನು ಮುಚ್ಚಿ ಉತ್ಪಾದನೆಯನ್ನು ಕೆಲವೇ ದೊಡ್ಡ ಕಾರ್ಖಾನೆಗಳಿಗೆ ಸೇರಿಸಿತು, ಕಚ್ಚಾ ಸಕ್ಕರೆಯ ಬದಲು ಶುದ್ಧೀಕರಿಸಿದ ಬಿಳಿ ಸಕ್ಕರೆಯನ್ನೂ ಡೆಮೆರಾರಾ, ಮಸ್ಕವಾಡೊದಂಥ ವಿಶೇಷ ಸಕ್ಕರೆಗಳನ್ನೂ ಮಾರತೊಡಗಿತು, ಕಬ್ಬಿನ ಸಿಪ್ಪೆಯನ್ನು ಉರಿಸಿ ವಿದ್ಯುತ್ ಪಡೆಯುವುದನ್ನು ಹೆಚ್ಚಿಸಿತು. ಆದರೂ 1973ರಲ್ಲಿ ಏಳು ಲಕ್ಷ ಟನ್ ದಾಟಿದ್ದ ಸಕ್ಕರೆ ಉತ್ಪಾದನೆ ಈಚೆಗೆ ಎರಡೂವರೆ ಲಕ್ಷ ಟನ್‌ಗಿಂತ ಕೆಳಗಿಳಿದಿದೆ.

ಸೇವೆಗಳ ವ್ಯಾಪಾರದಲ್ಲೂ ಇದೇ ಮಾದರಿ ಕಾಣುತ್ತದೆ. ಭಾರತದೊಂದಿಗಿನ ದ್ವಿತೆರಿಗೆ ತಪ್ಪಿಸುವ ಒಪ್ಪಂದದಿಂದಾಗಿ, ಮಾರಿಷಸ್‌ನಲ್ಲಿ ನೋಂದಾಯಿಸಿದ ಕಂಪನಿಗಳು ಭಾರತದ ಷೇರು ಮಾರಿ ಗಳಿಸಿದ ಲಾಭಕ್ಕೆ ಭಾರತದಲ್ಲಿ ತೆರಿಗೆ ಕಟ್ಟಬೇಕಿರಲಿಲ್ಲ. ಹಲವು ವರ್ಷ ಭಾರತಕ್ಕೆ ಬಂದ ವಿದೇಶಿ ನೇರ ಹೂಡಿಕೆಯ ಪಟ್ಟಿಯಲ್ಲಿ ಈ ಪುಟ್ಟ ದೇಶ ಮೊದಲ ಸ್ಥಾನದಲ್ಲಿದ್ದದ್ದು ಅದರಿಂದಲೇ. 2016ರ ತಿದ್ದುಪಡಿಯು 2017ರ ಏಪ್ರಿಲ್ 1ರಿಂದ ಕೊಂಡ ಷೇರುಗಳಿಗೆ ಈ ವಿನಾಯಿತಿಯನ್ನು ತೆಗೆದುಹಾಕಿತು. ಇದಾದ ಮೇಲೆ 2021ರ ಏಪ್ರಿಲ್ 1ರಂದು ಭಾರತ–ಮಾರಿಷಸ್ ಸಮಗ್ರ ಆರ್ಥಿಕ ಸಹಕಾರ ಒಪ್ಪಂದ ಜಾರಿಗೆ ಬಂತು. ಆಫ್ರಿಕಾದ ದೇಶವೊಂದರೊಂದಿಗೆ ಭಾರತ ಮಾಡಿಕೊಂಡ ಮೊದಲ ವ್ಯಾಪಾರ ಒಪ್ಪಂದ ಇದು.

ಕೊನೆಯದಾಗಿ ಆಮದಿನ ಕಡೆ ನೋಡೋಣ. ಮಾರಿಷಸ್‌ನ ಸರಕು ಆಮದಿನ ಮೌಲ್ಯ ಸರಕು ರಫ್ತಿನ ಎರಡು ಪಟ್ಟಿಗಿಂತ ಹೆಚ್ಚು. ಅದರಲ್ಲಿ ದೊಡ್ಡ ಬಾಬ್ತು ಇಂಧನದ್ದು. ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರವೇ ಹಲವು ವರ್ಷಗಳ ಕಾಲ ಅಲ್ಲಿಗೆ ಪೆಟ್ರೋಲಿಯಂ ಉತ್ಪನ್ನಗಳನ್ನು ಒದಗಿಸಿದೆ. ಈ ಕೊರತೆಯ ಬಹುಪಾಲನ್ನು ಪ್ರವಾಸೋದ್ಯಮ, ಹಣಕಾಸು ಸೇವೆ ಮತ್ತು ಹೊರಗಿನ ಹೂಡಿಕೆ ತುಂಬಬೇಕು. 2019ರಲ್ಲಿ ಹದಿಮೂರು ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದಿದ್ದರು. 2020ರ ಮಾರ್ಚ್‌ನಲ್ಲಿ ಗಡಿ ಮುಚ್ಚಿದಾಗ ಆ ಆದಾಯ ನಿಂತಿತು, ಅಕ್ಕಿ, ಎಣ್ಣೆಯ ಬಿಲ್ಲು ಮಾತ್ರ ನಿಲ್ಲಲಿಲ್ಲ. ಮಾರಿಷಸ್‌ನ ರೂಪಾಯಿ ಡಾಲರಿನ ಎದುರು ಇಳಿಯಿತು, ಆಮದಾದ ಪ್ರತಿಯೊಂದು ವಸ್ತುವೂ ಮನೆಮನೆಯಲ್ಲಿ ತುಟ್ಟಿಯಾಯಿತು.